ಬೆರಳು ಹೆಣೆದ ಹಲಗೆ: ಕೊಳ್ಳುವ ಮುನ್ನ ತಿಳಿದಿರಲಿ

ಫರ್ನಿಚರ್ ಅಂಗಡಿಯಲ್ಲಿ ಟೇಬಲ್ ನೋಡುವಾಗ ಹಲಗೆಯಲ್ಲಿ ಅಲ್ಲಲ್ಲಿ ಗರಗಸದ ಹಲ್ಲಿನಂಥ ಗೆರೆ ಕಾಣುತ್ತದೆ. ‘ಅಯ್ಯೋ, ತುಂಡು ಜೋಡಿಸಿದ್ದು ಕಣ್ರೀ, ಬೇಡ’ ಎಂದು ಎಷ್ಟೋ ಮಂದಿ ಮುಂದೆ ಹೋಗುತ್ತಾರೆ. ಅದು ಫಿಂಗರ್ ಜಾಯಿಂಟ್. ಸರಿಯಾಗಿ ಮಾಡಿದ್ದರೆ ಹೆದರಬೇಕಿಲ್ಲ.

ಸೌದೆಯಾಗುತ್ತಿದ್ದ ಮರ

ಈ ಹಲಗೆಗೆ ಬಳಸುವ ಮರಗಳಲ್ಲಿ ರಬ್ಬರ್ ಮುಖ್ಯವಾದದ್ದು. ಕೇರಳದಲ್ಲಿ, ನಮ್ಮ ಸುಳ್ಯ, ಪುತ್ತೂರು ಕಡೆಯ ತೋಟಗಳಲ್ಲಿ 25–30 ವರ್ಷಕ್ಕೆ ಹಾಲು ಕಡಿಮೆಯಾದ ಮರಗಳನ್ನು ಕಡಿಯುತ್ತಾರೆ. ಹಿಂದೆ ಅವು ಸೌದೆಗೋ, ಪ್ಯಾಕಿಂಗ್ ಪೆಟ್ಟಿಗೆಗೋ ಹೋಗುತ್ತಿದ್ದವು. ಮರದಲ್ಲಿ ಪಿಷ್ಟ ಜಾಸ್ತಿ. ಕಡಿದ ಕೆಲವೇ ದಿನಗಳಲ್ಲಿ ಬೂಷ್ಟು, ಕೊರೆಯುವ ಹುಳ ಎರಡೂ ಹಿಡಿಯುತ್ತವೆ.

ಆದ್ದರಿಂದ ಕೊಯ್ದ ಕೂಡಲೇ ಹಸಿ ಹಲಗೆಗಳನ್ನು ಉಕ್ಕಿನ ಸಿಲಿಂಡರ್‌ಗೆ ತುಂಬಿ, ಗಾಳಿ ಹೀರಿ ತೆಗೆದು, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಒತ್ತಡದಿಂದ ಒಳಕ್ಕೆ ನುಗ್ಗಿಸುತ್ತಾರೆ. ಸುಮ್ಮನೆ ಮೇಲೆ ಬಳಿದರೆ ಸಾಲದು. ಆಮೇಲೆ ಬಿಸಿಗಾಳಿಯ ಕೋಣೆಯಲ್ಲಿ ತೇವಾಂಶ ಶೇ 8–12ಕ್ಕೆ ಇಳಿಯುವವರೆಗೆ ಒಣಗಿಸುತ್ತಾರೆ. ಇಲ್ಲಿ ಅವಸರ ಮಾಡಿದರೆ ಹಲಗೆ ಮನೆಗೆ ಬಂದ ಮೇಲೆ ಸೊಟ್ಟಗಾಗುತ್ತದೆ.

ಹಲ್ಲು ಯಾಕೆ?

ಒಣಗಿದ ಹಲಗೆಯನ್ನು ಪಟ್ಟಿಗಳಾಗಿ ಸೀಳಿ ಗಂಟು, ಬಿರುಕು ಇರುವ ಜಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿದ ತುಂಡುಗಳ ತುದಿಗೆ ಯಂತ್ರ ಹಲ್ಲು ಕೊರೆಯುತ್ತದೆ. ಅಂಟು ಹಚ್ಚಿ ಉದ್ದಕ್ಕೆ ಒತ್ತಿದರೆ ಎರಡು ಕೈಗಳ ಬೆರಳು ಹೆಣೆದ ಹಾಗೆ ಕೂರುತ್ತವೆ.

ಅಡ್ಡ ಕೊಯ್ದ ತುದಿಗಳನ್ನು ಹಾಗೇ ಅಂಟಿಸಿದರೆ ನಿಲ್ಲೋದಿಲ್ಲ. ಅಲ್ಲಿನ ನಾರಿನ ಬಾಯಿಗಳು ಅಂಟನ್ನು ಹೀರಿಬಿಡುತ್ತವೆ. ಹಲ್ಲಿನ ಇಳಿಜಾರಿನಲ್ಲಿ ನಾರು ಹೆಚ್ಚುಕಡಿಮೆ ಉದ್ದುದ್ದ ಸಿಗುತ್ತದೆ, ಅಂಟುವ ಜಾಗವೂ ಹಲವು ಪಟ್ಟು ಹೆಚ್ಚುತ್ತದೆ. ಜೋಡಣೆಯ ಬಲವೆಲ್ಲ ಅಲ್ಲಿಯೇ ಇರೋದು. ಹೀಗೆ ಉದ್ದವಾದ ಪಟ್ಟಿಗಳನ್ನು ಹತರಿ ಹೊಡೆದು, ಪಕ್ಕಪಕ್ಕ ಅಂಟಿಸಿ, ಪ್ರೆಸ್‌ನಲ್ಲಿ ಒತ್ತಿ, ಉಜ್ಜಿ ನಯ ಮಾಡಿದರೆ ಹಲಗೆ ತಯಾರು.

ಅಂಗಡಿಯಲ್ಲಿ ಏನು ನೋಡಬೇಕು?

* ಹಲ್ಲುಗಳ ನಡುವೆ ಸಂದು ಇರಬಾರದು. ಸಂದಿಗೆ ಪುಟ್ಟಿ ತುಂಬಿದ್ದರೆ ಬೇಡ ಅನ್ನಿ.
* ಹಲಗೆಯ ಮೇಲೆ ಗೆರೆ ನೇರವಾಗಿ ಕಂಡರೆ ಅಂಚನ್ನು ನೋಡಿ, ಹಲ್ಲು ಅಲ್ಲಿರುತ್ತದೆ.
* ಸೂಜಿಮೊನೆಯಷ್ಟು ತೂತು, ಹಿಟ್ಟಿನಂಥ ಪುಡಿ ಕಂಡರೆ ಹುಳ ಒಳಗಿದೆ ಎಂದರ್ಥ.
* ‘ಒತ್ತಡದಲ್ಲಿ ಔಷಧಿ ಕೊಟ್ಟಿದ್ದೀರಾ? ಎಷ್ಟು ಒಣಗಿಸಿದ್ದೀರಾ?’ ಎಂದು ಕೇಳಿ.
* ಬಚ್ಚಲುಮನೆಗೆ, ಮಳೆ ಬೀಳುವ ಜಾಗಕ್ಕೆ ಬೇಡ. ನೀರು ತಾಗುತ್ತಲೇ ಇದ್ದರೆ ಬೋರಾಕ್ಸ್ ತೊಳೆದುಹೋಗುತ್ತದೆ, ಸಾಮಾನ್ಯ ಬಿಳಿ ಅಂಟೂ ಸಡಿಲವಾಗುತ್ತದೆ.

ಕಪಾಟು, ಓದುವ ಮೇಜು, ಪುಸ್ತಕದ ಶೆಲ್ಫಿಗೆ ಮಾತ್ರ ಧಾರಾಳವಾಗಿ ಬಳಸಬಹುದು.