ಎರೆಯ ನೆಲದ ಹೆದ್ದಾರಿ: ಬಳ್ಳಾರಿಯಿಂದ ಸಿರುಗುಪ್ಪಕ್ಕೆ

ಬಳ್ಳಾರಿಯ ಕೋಟೆಗುಡ್ಡದ ಮೇಲೆ ನಿಂತು ಉತ್ತರಕ್ಕೆ ದೃಷ್ಟಿ ಹಾಯಿಸಿದವರಿಗೆ, ಕಣಶಿಲೆಯ ಗುಡ್ಡಗಳು ಬರಬರುತ್ತ ವಿರಳವಾಗಿ ಕಡೆಗೆ ದಿಗಂತದವರೆಗೂ ಸಮತಟ್ಟಾಗಿ ಹರಡಿಕೊಳ್ಳುವ ಎರೆಯ ಬಯಲು ಕಾಣುವುದಷ್ಟೆ. ಆ ಬಯಲಿನಲ್ಲಿ ಸುಮಾರು 55 ಕಿಲೋಮೀಟರು ಸಾಗಿ ತುಂಗಭದ್ರೆಯ ಮಗ್ಗುಲಿನ ಸಿರುಗುಪ್ಪವನ್ನು ಮುಟ್ಟುವ ದಾರಿಯು, ಜೇವರ್ಗಿಯಿಂದ ಚಾಮರಾಜನಗರದವರೆಗೆ ನಾಡಿನ ಉದ್ದಕ್ಕೂ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯ ಒಂದು ಭಾಗ. ಘಟ್ಟವಿಲ್ಲ, ಕಣಿವೆಯಿಲ್ಲ, ಕಣ್ಣಿಗೆ ಕತ್ತಲು ಕವಿಸುವ ತಿರುವುಗಳಿಲ್ಲ. ಭೂಪಟವನ್ನು ಮಾತ್ರ ನೋಡಿ ಹೊರಟವನು ಒಂದು ಗಂಟೆಯ ಪ್ರಯಾಣವೆಂದು ಎಣಿಸುತ್ತಾನೆ. ಆದರೆ ಈ ಸೀಮೆಯಲ್ಲಿ ಲಾರಿ ನಡೆಸಿ ತಲೆ ನರೆತವರನ್ನು ಕೇಳಿದರೆ, ದಾರಿಯ ಮಾತಿಗೆ ಮೊದಲು ಅವರು ಇದು ಯಾವ ತಿಂಗಳು, ಕಾಲುವೆಗೆ ನೀರು ಬಿಟ್ಟಿದ್ದಾರೆಯೆ, ಕೊಯ್ಲು ಎಲ್ಲಿಗೆ ಬಂತು ಎಂದೇ ವಿಚಾರಿಸುತ್ತಾರೆ. ಅವರ ಈ ಪ್ರಶ್ನೆಗಳಲ್ಲಿ ಈ ಮಾರ್ಗದ ಸಮಸ್ತ ಸ್ವಭಾವವೂ ಅಡಗಿದೆಯೆಂದು ನನ್ನ ದೃಢವಾದ ಅಭಿಪ್ರಾಯ.

ಮೊದಲನೆಯದಾಗಿ ಮಣ್ಣಿನ ವಿಚಾರ. ಮಸಾರಿಯ ಕೆಂಪು ನೆಲವು ನೀರನ್ನು ಕುಡಿದು ಬೇಗನೆ ಬಸಿದುಬಿಡುತ್ತದೆ. ಎರೆಯ ಸ್ವಭಾವ ಬೇರೆ. ಅದರ ಜೇಡಿಯ ಕಣಗಳು ಮಳೆಗಾಲದಲ್ಲಿ ನೀರನ್ನು ಹೀರಿ ಉಬ್ಬುತ್ತವೆ, ಬೇಸಗೆಯಲ್ಲಿ ಒಣಗಿ ಕುಗ್ಗಿ, ಮುಂಗೈ ಇಳಿಯುವಷ್ಟು ಬಿರುಕುಗಳಾಗಿ ಬಾಯ್ದೆರೆಯುತ್ತವೆ. ಹೀಗೆ ವರ್ಷಕ್ಕೊಮ್ಮೆ ಮೇಲೆದ್ದು ಕೆಳಗಿಳಿಯುವ ನೆಲದ ಮೇಲೆ, ಗರಸನ್ನು ದಪ್ಪನಾಗಿ ಹಾಸಿ, ಇಕ್ಕೆಲದ ಚರಂಡಿಯಲ್ಲಿ ನೀರು ನಿಲ್ಲದಂತೆ ಬಂದೋಬಸ್ತು ಮಾಡದೆ ಡಾಂಬರು ಹೊದಿಸಿದರೆ, ಆ ಡಾಂಬರು ಒಂದೆರಡು ಮಳೆಗಾಲಗಳಲ್ಲಿಯೇ ಅಲೆಯಲೆಯಾಗಿ ಏಳುವುದು, ಅಂಚಿನಲ್ಲಿ ಸೀಳುವುದು, ಗಾಲಿ ಹರಿಯುವ ಜಾಡಿನಲ್ಲಿ ಕುಸಿಯುವುದು ಅನಿವಾರ್ಯ. ಆದುದರಿಂದ ಈ ಭಾಗದಲ್ಲಿ ಗುಂಡಿಗಿಂತಲೂ ಅಪಾಯಕರವಾದುದು ಅಂಚು: ಎದುರು ಬರುವ ಲಾರಿಗೆ ದಾರಿ ಬಿಡಲೆಂದು ಎಡಗಾಲಿಯನ್ನು ಡಾಂಬರಿನಿಂದ ಕೆಳಗಿಳಿಸಿದವನು, ಅಲ್ಲಿ ಗೇಣುದ್ದದ ಇಳಿಮಟ್ಟವನ್ನೂ, ಮಳೆ ಬಿದ್ದಿದ್ದರೆ ಗಾಲಿಯನ್ನು ಕಚ್ಚಿ ಹಿಡಿಯುವ ಜಿಗುಟು ಕೆಸರನ್ನೂ ಎದುರಿಸಬೇಕಾಗುತ್ತದೆ. ವೇಗವನ್ನು ಪೂರ್ಣವಾಗಿ ತಗ್ಗಿಸಿದ ಮೇಲೆಯೇ ಪಕ್ಕಕ್ಕೆ ಇಳಿಯತಕ್ಕದ್ದು. ಎರೆ ಹೊಲದ ಬಂಡಿದಾರಿಗಂತೂ ಮಳೆ ನಿಂತು ಬಿಸಿಲು ಕಾಯುವವರೆಗೆ ಕಾರನ್ನು ಇಳಿಸಲೇಬಾರದು.

ಎರಡನೆಯದು ನೀರು. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತ ಬಳಿಕ ಬಲದಂಡೆಯ ಕೆಳಮಟ್ಟದ ಕಾಲುವೆಯು ಕಂಪ್ಲಿ, ಕುರುಗೋಡು, ಸಿರುಗುಪ್ಪಗಳ ಕಡೆಯಿಂದ ಆಂಧ್ರಕ್ಕೆ ಹರಿಯಿತು. ಬಿಳಿಜೋಳ, ಹತ್ತಿ ಬೆಳೆಯುತ್ತಿದ್ದ ಬಯಲು ಭತ್ತದ ಗದ್ದೆಯಾಯಿತು. ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಕಾಲದಿಂದಲೂ ನದಿಯ ಒಡ್ಡುಗಳಿಂದ ನೀರುಂಡವು. ಆದರೆ ಇಷ್ಟು ವಿಶಾಲವಾದ ನೀರಾವರಿಯನ್ನು ಈ ಸೀಮೆ ಹಿಂದೆಂದೂ ಕಂಡಿರಲಿಲ್ಲ. ಜನರಿಗೆ ಅನ್ನ ಬಂದಿತು, ಅದಕ್ಕಾಗಿ ಯಾರೂ ಸಂತೋಷಪಡದೆ ಇರಲಾರರು. ರಸ್ತೆಯಾದರೋ ಎರಡು ಕಡೆಯಿಂದಲೂ ಒದ್ದೆಯಾಯಿತು, ಮೇಲಿಂದ ಭತ್ತದ ಭಾರವನ್ನೂ ಹೊತ್ತಿತು. ನಾಟಿಯ ದಿನಗಳಲ್ಲಿ ಕೇಜ್‌ವ್ಹೀಲ್ ಕಟ್ಟಿದ ಟ್ರ್ಯಾಕ್ಟರುಗಳು ಗದ್ದೆಯಿಂದ ಗದ್ದೆಗೆ ಡಾಂಬರಿನ ಮೇಲೆಯೇ ಹಾದು ಅದನ್ನು ಉಗುರಿನಿಂದ ಗೀರಿದಂತೆ ಗೀರುತ್ತವೆ. ಕೆಸರು ಗದ್ದೆಗೆ ಆ ಗಾಲಿ ಬೇಕು, ಒಪ್ಪತಕ್ಕದ್ದೇ. ಆದರೆ ರಸ್ತೆ ಹತ್ತುವ ಮುನ್ನ ಅದನ್ನು ಬಿಚ್ಚುವ ಶ್ರಮವನ್ನು ರೈತಬಾಂಧವರು ವಹಿಸಿದಲ್ಲಿ, ಅವರದೇ ಭತ್ತ ಗಿರಣಿಗೆ ಸುಖವಾಗಿ ಸೇರೀತು.

ಕೊಯ್ಲಿನ ಕಾಲದಲ್ಲಿ, ಎಂದರೆ ನವೆಂಬರು ಡಿಸೆಂಬರುಗಳಲ್ಲಿ, ಎರಡನೆಯ ಬೆಳೆಗೆ ನೀರು ದೊರೆತ ವರ್ಷಗಳಲ್ಲಿ ಏಪ್ರಿಲಿನಲ್ಲಿಯೂ, ರಸ್ತೆಯ ಅರ್ಧಭಾಗ ಕಣವಾಗುತ್ತದೆ. ಹರಡಿದ ಭತ್ತದ ಸುತ್ತ ಅಂಚಿಗೆ ಕಲ್ಲುಗಳನ್ನಿಟ್ಟಿರುತ್ತಾರೆ. ಹಗಲಿನಲ್ಲಿ ಅವು ಕಾಣುತ್ತವೆ, ರಾತ್ರಿ ರಾಶಿ ಎತ್ತಿದ ಮೇಲೆಯೂ ಕಲ್ಲುಗಳು ಅಲ್ಲಿಯೇ ಉಳಿಯುತ್ತವೆ. ದ್ವಿಚಕ್ರ ವಾಹನದವರಿಗೆ ಕಾಳಿನ ಮೇಲೆ ಬ್ರೇಕು ಹಿಡಿಯುವುದೆಂದರೆ ಜಾರಿ ಬೀಳುವುದೆಂದೇ ಅರ್ಥ. ಇದಕ್ಕೆ ಸೇರಿ, ಎರಡು ಟ್ರೈಲರುಗಳನ್ನು ಒಂದರ ಹಿಂದೊಂದು ಕಟ್ಟಿಕೊಂಡು ಹಿಂದೀಪವಿಲ್ಲದೆ ಸಾಗುವ ಟ್ರ್ಯಾಕ್ಟರುಗಳು, ಗದ್ದೆಯಿಂದ ಗದ್ದೆಗೆ ನಿಧಾನವಾಗಿ ತೆರಳುವ ಕಟಾವು ಯಂತ್ರಗಳು, ಮೇವನ್ನರಸಿ ಬಂದ ಕುರಿಯ ಹಿಂಡುಗಳು. ದೂರದ ಮೆಕ್ಸಿಕೋ ದೇಶಕ್ಕೆ ಹೋಗುವ ಪ್ರವಾಸಿಗರಿಗೆ ಅಲ್ಲಿನ ಹಳ್ಳಿಹಳ್ಳಿಗೂ ಎದುರಾಗುವ ಅಡ್ಡದಿಬ್ಬಗಳನ್ನು ಗಮನಿಸಿರಿ, ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ದನಕರುಗಳಿರುತ್ತವೆ, ವಾಹನ ನಡೆಸಬೇಡಿರಿ ಎಂದು ಅನುಭವಸ್ಥರು ಹೇಳುವುದುಂಟು. ಆ ಎರಡು ಮಾತುಗಳೂ ಬಳ್ಳಾರಿ ಸೀಮೆಗೆ ಅಕ್ಷರಶಃ ಸಲ್ಲುತ್ತವೆ. ರಸ್ತೆಯುಬ್ಬು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರವಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸು ಸೂಚಿಸಿದೆ. ಊರವರೇ ಮಣ್ಣು ಜಲ್ಲಿ ಸುರಿದು ಕಟ್ಟಿಕೊಂಡ ಹಂಪುಗಳಿಗೆ ಆ ಪ್ರಮಾಣವೂ ಇಲ್ಲ, ಬಿಳಿಯ ಪಟ್ಟೆಯೂ ಇಲ್ಲ. ಮಕ್ಕಳು ರಸ್ತೆ ದಾಟುವ ಸ್ಥಳಗಳಲ್ಲಿ ಅವನ್ನು ಕಟ್ಟಿದವರ ಆತಂಕ ನ್ಯಾಯವಾದುದು. ಅವುಗಳಿಗೆ ಬಣ್ಣ ಬಳಿಯುವ ಕರ್ತವ್ಯ ಮಾತ್ರ ಇಲಾಖೆಯದು. ಮನೆಗಳು ಕಂಡೊಡನೆ ವೇಗ ತಗ್ಗಿಸುವುದೊಂದೇ ಪ್ರಯಾಣಿಕನ ಕೈಯಲ್ಲಿರುವ ಉಪಾಯ.

ನಗರದಿಂದ ಹೊರಬೀಳುವುದೂ ಸುಲಭವಲ್ಲ. ಸುಧಾ ಕ್ರಾಸಿನ ರೈಲ್ವೆ ಗೇಟು ಬಳ್ಳಾರಿಗರ ಸಹನೆಯನ್ನು ದೀರ್ಘಕಾಲ ಪರೀಕ್ಷಿಸಿದೆ. ದೊಡ್ಡ ಮಳೆಯಾದ ಹೊತ್ತಿನಲ್ಲಿ ರೈಲ್ವೆ ಕೆಳಸೇತುವೆಗಳ ಗೊಡವೆಗೆ ಹೋಗದಿರುವುದು ಲೇಸು. ಹೊಸಪೇಟೆಯ ದಿಕ್ಕಿನ 67ನೆಯ ಹೆದ್ದಾರಿಯಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡಿತಿನಿಯ ವಿದ್ಯುತ್ ಸ್ಥಾವರಗಳ ಲಾರಿಗಳ ದಟ್ಟಣೆ ಹಗಲಿರುಳೂ ಇರುವುದರಿಂದ, ಕುರುಗೋಡಿಗೆ ಹೋಗುವವರು ಸಿರುಗುಪ್ಪದ ಹೆದ್ದಾರಿಯನ್ನೇ ಹಿಡಿದು ಎಡಕ್ಕೆ ಕವಲೊಡೆಯುವುದು ಉತ್ತಮ.

ಕುರುಗೋಡು ಬಳ್ಳಾರಿಗೆ ಸುಮಾರು 28 ಕಿಲೋಮೀಟರು. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಸಿಂದರು ಆಳಿದ ಊರಿದು. ಸುಮಾರು 12 ಅಡಿ ಎತ್ತರದ ಏಕಶಿಲೆಯ ನಂದಿಯನ್ನು ಜನರು ದೊಡ್ಡಬಸವೇಶ್ವರನೆಂದು ಪೂಜಿಸುತ್ತಾರೆ. ಫಾಲ್ಗುಣದ ರಥೋತ್ಸವಕ್ಕೆ ನಡೆದು ಬರುವ ಭಕ್ತರು ರಾತ್ರಿಯೆಲ್ಲ ರಸ್ತೆಯ ಮೇಲಿರುತ್ತಾರೆ. ಆ ದಿನಗಳಲ್ಲಿ ವಾಹನವನ್ನು ಅವರ ನಡಿಗೆಯ ಮರ್ಯಾದೆಗೆ ತಕ್ಕಂತೆ ನಡೆಸಬೇಕು. ಗುಡ್ಡದ ದೇಗುಲಗಳನ್ನು ನೋಡಲಿಚ್ಛಿಸುವವರು ಬೆಳಿಗ್ಗೆ ಒಂಬತ್ತರೊಳಗೆ ಹತ್ತಿ ಇಳಿದಿರಬೇಕು. ಬಳ್ಳಾರಿ ಸೀಮೆಯ ಚೈತ್ರ ವೈಶಾಖಗಳ ಬಿಸಿಲು 40 ಡಿಗ್ರಿಯನ್ನು ಮೀರುವುದು ಸಾಮಾನ್ಯ. ಆಗ ಸವೆದ ಟೈರಿನೊಡನೆ ಮಧ್ಯಾಹ್ನ ಹೊರಡುವುದು ಸಾಹಸವಲ್ಲ, ಅವಿವೇಕ. ಸಿರುಗುಪ್ಪದ ದಾರಿಗೆ ಮರಳಿದವರು ತೆಕ್ಕಲಕೋಟೆಯಲ್ಲಿ ಕ್ಷಣಕಾಲ ನಿಲ್ಲಲಿ. ಅಲ್ಲಿನ ಬಂಡೆಗಳ ನಡುವೆ ನವಶಿಲಾಯುಗದ ಮಾನವರ ವಸತಿಯನ್ನು 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾಯರು ಉತ್ಖನನ ಮಾಡಿ ತೋರಿಸಿದರು.

ಅಪಘಾತ ಕಂಡಲ್ಲಿ 108ಕ್ಕೆ ಅಥವಾ 112ಕ್ಕೆ, ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡಬಹುದು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಕಾನೂನು ಪೀಡಿಸುವುದೆಂಬ ಭಯ ನಮ್ಮ ಜನರಲ್ಲಿ ಇನ್ನೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ವಿಧಿಯು ಸದುದ್ದೇಶದಿಂದ ನೆರವಾದವರಿಗೆ ಸ್ಪಷ್ಟವಾದ ರಕ್ಷಣೆ ಕೊಟ್ಟಿದೆ.

ಸಿರುಗುಪ್ಪದಿಂದ ಮುಂದೆ ಎರಡು ನದಿಗಳ ಪ್ರಶ್ನೆ. ಸಿಂಧನೂರಿಗೆ ಹೋಗುವವರು ತುಂಗಭದ್ರೆಯನ್ನೂ, ಆದವಾನಿಗೆ ಹೋಗುವವರು ಹಗರಿ ಎಂದು ಕರೆಯುವ ವೇದಾವತಿಯನ್ನೂ ದಾಟಬೇಕು. ಬೇಸಗೆಯಲ್ಲಿ ಮರಳ ಬಯಲಾಗಿ ಮಲಗಿರುವ ಹಗರಿಯು ಮೇಲ್ಸೀಮೆಯಲ್ಲಿ ಮಳೆ ಸುರಿದರೆ ಏಕಾಏಕಿ ಉಕ್ಕಿ ಬರುತ್ತದೆ, ತುಂಗಭದ್ರೆಯಾದರೆ ಅಣೆಕಟ್ಟಿನ ಬಾಗಿಲು ತೆರೆದಾಗ ಏರುತ್ತದೆ. 2024ರ ಆಗಸ್ಟಿನಲ್ಲಿ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ನದೀತೀರದ ಊರುಗಳೆಲ್ಲ ಎಚ್ಚರದಿಂದಿರಬೇಕಾಯಿತು. ಆಷಾಢದಿಂದ ಆಶ್ವಯುಜದವರೆಗೆ ಪ್ರಯಾಣ ಬೆಳೆಸುವವರು, ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಆ ಕಡೆಯಿಂದ ಬಂದ ಬಸ್ಸಿನ ಚಾಲಕರನ್ನು ಸೇತುವೆಯ ಸ್ಥಿತಿ ಕೇಳಿ ತಿಳಿದುಕೊಂಡು ಮುಂದುವರಿಯಲಿ. ನೀರು ಸೇತುವೆಯ ಮೇಲೆ ಹರಿಯುತ್ತಿದೆಯೆಂದು ಅವರು ಹೇಳಿದರೆ, ಆ ರಾತ್ರಿ ಸಿರುಗುಪ್ಪದಲ್ಲಿಯೇ ತಂಗುವುದು.