ಕಣ್ಣು ಯಾಕೆ ಉಜ್ಜಬಾರದು?

ಬೇಸಿಗೆ ಬಂದರೆ ನನ್ನ ಕಣ್ಣು ಕೆಂಪಾಗಿ ನವೆ ಶುರು. ದೋಣಿಗಲ್ಲಿನ ರಸ್ತೆ ಧೂಳು, ಹೂವಿನ ಪರಾಗ ತಾಗಿದರೆ ಸಾಕು. “ಇವನಿಗೆ ಮದ್ರಾಸ್ ಐ ಬಂದೈತೆ” ಅಂತ ಗೆಳೆಯರು ದೂರ ಕೂರ್ತಾರೆ. ಇದು ಅಲರ್ಜಿ ಕಣ್ರೋ, ಅಂಟುವುದಿಲ್ಲ!

ಎಲ್ಲರ ಕಣ್ಣಿನ ಮೇಲೂ ಬ್ಯಾಕ್ಟೀರಿಯಾಗಳು ಇರುತ್ತವೆ. ಹೆಚ್ಚಿನವು ತೊಂದರೆ ಕೊಡುವುದಿಲ್ಲ, ಕೆಟ್ಟವಕ್ಕೆ ಜಾಗವನ್ನೂ ಬಿಡುವುದಿಲ್ಲ. ಆದರೆ ಅಲರ್ಜಿ ಇರುವ ಕಣ್ಣಿನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬುದು ಹಲವು ಸಲ ಹೆಚ್ಚಾಗಿ ಸಿಗುತ್ತದೆ. ಅದರ ವಿಷ ಅಲರ್ಜಿಯನ್ನು ಇನ್ನಷ್ಟು ಕೆರಳಿಸಬಲ್ಲದು. ಬಹಳ ಜನರಲ್ಲಿ ಅದರ ವಾಸ ಮೂಗಿನೊಳಗೆ. ಕಣ್ಣಿಗೆ ಬರಲು ನಮ್ಮ ಬೆರಳೇ ಬಸ್ಸು.

ಉಜ್ಜುತ್ತಲೇ ಇದ್ದರೆ ಕಣ್ಣಿನ ಕಾರ್ನಿಯಾ ತೆಳುವಾಗಿ, ಮುಂದಕ್ಕೆ ಉಬ್ಬಿ ದೃಷ್ಟಿಯೇ ಕೆಡಬಹುದು. ಮನೆಯಲ್ಲಿ ಉಳಿದ ಹಳೇ ಆಂಟಿಬಯಾಟಿಕ್ ಡ್ರಾಪ್ಸ್ ಹಾಕಿದರೆ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯಬಹುದು, ಡಾಕ್ಟರನ್ನೇ ಕೇಳಬೇಕು. ನಾನೀಗ ತಣ್ಣೀರಿನ ಶುಚಿ ಬಟ್ಟೆ ಇಟ್ಟುಕೊಳ್ಳುತ್ತೇನೆ. ಗಣಿತದ ಪಿರಿಯಡ್‌ನಲ್ಲಿ ಮಾತ್ರ ಮರೆತು ಉಜ್ಜಿಬಿಡುತ್ತೇನೆ.