ಕಲ್ಲಿನ ಮೇಲೆ ಒಂದೇ ಅಕ್ಷರ: ಕತೆಗೆ ಚುರುಕು ಮಾತು ಸೇರಿಸಿದವರ ಹೆಸರು ಎಲ್ಲಿ ಹೋಗುತ್ತೆ?

ಈ ವಾರ ಕತೆ ಇಲ್ಲ, ಬೈಬೇಡಿ. ಬೇತಾಳ ಮುಂದಿನ ವಾರ ಮತ್ತೆ ಮರಕ್ಕೆ ನೇತು ಬೀಳುತ್ತೆ. ಇವತ್ತು ಕತೆ ಹೇಳೋರ ಬಗ್ಗೆ ಅಲ್ಲ, ಕತೆ ಕೇಳಿ ಒಂದು ಚುರುಕು ಮಾತು ಸೇರಿಸ್ತಾರಲ್ಲ, ಅವರ ಬಗ್ಗೆ ಮಾತಾಡ್ಬೇಕು. ಯಾಕಂದ್ರೆ ಆ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೀನಿ.

ನಂಜನಗೂಡು ಕಡೆಯ ಒಬ್ಬ ಅಕ್ಕ ನಮ್ಮ ಕೇಳುಗರು. ಬೆಳಿಗ್ಗೆ ಫ್ಯಾಕ್ಟರಿ ಬಸ್ಸಲ್ಲಿ ಕೂತು ಕೇಳ್ತಾರೆ, ಆಗಾಗ ವಾಯ್ಸ್ ನೋಟ್ ಕಳಿಸ್ತಾರೆ. ಹಿಂದೆ ಬಸ್ಸಿನ ಹಾರ್ನು, ಯಾರೋ ಟಿಫನ್ ಬಾಕ್ಸ್ ತೆಗೆಯೋ ಸದ್ದು, ಮಧ್ಯೆ ಇವರ ಮಾತು. ಒಂದು ದಿನ ಅವರು ಕಳಿಸಿದ್ದರಲ್ಲಿ ಒಂದು ಸಾಲಿತ್ತು: ‘ವಿಕ್ರಮ ಗೊತ್ತಿದ್ದಾಗೆಲ್ಲ ಸೋತ, ಗೊತ್ತಿಲ್ಲದೆ ಇದ್ದಾಗ ಗೆದ್ದ.’

ಕತೆ ಗೊತ್ತಿದ್ದವರಿಗೆ ಈ ಮಾತಿನ ರುಚಿ ತಕ್ಷಣ ಸಿಗುತ್ತೆ. ಗೊತ್ತಿಲ್ಲದವರಿಗೆ: ರಾಜ ಹೆಣವನ್ನ ಹೆಗಲ ಮೇಲೆ ಹೊತ್ಕೊಂಡು ಹೋಗ್ತಿರ್ತಾನೆ. ಅದರೊಳಗಿರೋ ಬೇತಾಳ ಒಂದು ಕತೆ ಹೇಳಿ ಕೊನೆಗೆ ಒಂದು ಪ್ರಶ್ನೆ ಹಾಕುತ್ತೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ರೆ ರಾಜನ ತಲೆ ಹೋಳಾಗುತ್ತೆ. ಬಾಯಿಬಿಟ್ಟರೆ ಮೌನ ಮುರೀತು ಅಂತ ಹೆಣ ಸಮೇತ ವಾಪಸ್ ಮರಕ್ಕೆ. ಹೀಗೆ ಪ್ರತಿಸಲ ಸರಿಯುತ್ತರ ಕೊಟ್ಟು ಪ್ರತಿಸಲ ಹೆಣ ಕಳ್ಕೊಳ್ತಾನೆ. ಸಂಸ್ಕೃತದ ಹಳೇ ಕತೆಯಲ್ಲಿ ಕಟ್ಟಕಡೆಯ ಪ್ರಶ್ನೆಗೆ ಮಾತ್ರ ಅವನಿಗೆ ಉತ್ತರ ನಿಜವಾಗಿ ಗೊತ್ತಿರಲ್ಲ. ಸುಮ್ಮನೆ ನಡೀತಾನೆ. ಆಗಲೇ ಬೇತಾಳ ಅವನಿಗೆ ಒಲಿಯೋದು.

ಎಷ್ಟೋ ಪುಟ ಬರೆದು ಹೇಳಬೇಕಾದ್ದನ್ನ ಆ ಅಕ್ಕ ಒಂದು ಸಾಲಲ್ಲಿ ಹೇಳಿದ್ರು. ನಾನೇನ್ ಮಾಡ್ದೆ? ಆ ಸಾಲನ್ನ ಎಪಿಸೋಡ್ ಕೊನೆಗೆ ನನ್ನ ದನಿಯಲ್ಲಿ, ಚೂರು ಗಂಭೀರವಾಗಿ, ಹೇಳಿ ಮುಗಿಸಿದೆ. ‘ಒಬ್ಬ ಕೇಳುಗರು ಹೇಳಿದ್ದು’ ಅಂತ ಕೂಡ ಅನ್ನಲಿಲ್ಲ. ಬೇಕಂತ ಮಾಡಿದ್ದಲ್ಲ, ಹಾಗಂತ ಮರೆತಿದ್ದೂ ಅಲ್ಲ. ಹೇಳಿದ್ರೆ ಕೊನೆಯ ಪಂಚ್ ಸಪ್ಪೆ ಆಗುತ್ತೆ ಅನ್ನಿಸ್ತು, ಅಷ್ಟೇ. ಆ ತುಣುಕು ರೀಲ್ ಆಯ್ತು, ಸ್ಟೇಟಸ್ ಆಯ್ತು. ನಮ್ಮ ಸೋದರಮಾವ ಅದನ್ನ ನನಗೇ ಫಾರ್ವರ್ಡ್ ಮಾಡಿ ‘ನೋಡು, ಎಷ್ಟು ಚೆನ್ನಾಗಿ ಹೇಳಿದ್ದಾರೆ’ ಅಂದ್ರು. ಅಷ್ಟೊತ್ತಿಗೆ ಅದರಲ್ಲಿ ನನ್ನ ಹೆಸರೂ ಇರಲಿಲ್ಲ! ಅಕ್ಕನ ವಾಯ್ಸ್ ನೋಟ್ ಬರೋದು ನಿಂತು ಹೋಯ್ತು.

ನಾನು ಬಿಕಾಂ ಓದಿದವನು. ಮೊದಲ ವರ್ಷದ ಮೊದಲ ಪಾಠವೇ ಡೆಬಿಟ್ ಇದ್ರೆ ಕ್ರೆಡಿಟ್ ಇರ್ಲೇಬೇಕು ಅಂತ. ಪರೀಕ್ಷೆಯಲ್ಲಿ ಬರೆದಿದ್ದು, ಪಾಡ್‌ಕಾಸ್ಟ್‌ನಲ್ಲಿ ಮರೆತಿದ್ದು.

ಇದು ತಲೆಯಲ್ಲಿ ಕೊರೀತಿದ್ದಾಗಲೇ ಬೇರೆ ಕೆಲಸಕ್ಕೆ ಸೋಮನಾಥಪುರಕ್ಕೆ ಹೋದೆ. ಬನ್ನೂರು ಮತ್ತು ಟಿ. ನರಸೀಪುರದ ನಡುವೆ ಇರೋ ಊರು. ಸ್ಕೂಲ್ ಟ್ರಿಪ್‌ಗೆ ಎಲ್ಲರೂ ಹೋಗಿರ್ತೀರಿ, ದೇವಸ್ಥಾನದ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡಿರ್ತೀರಿ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1268ರಲ್ಲಿ ಕಟ್ಟಿಸಿದ ಕೇಶವ ದೇವಾಲಯ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಸೇರ್ತು. ಅದು ನ್ಯೂಸ್ ಆಯ್ತು, ನಿಮಗೂ ಗೊತ್ತು.

ನನಗೆ ಹೊಸದಾಗಿದ್ದು ಬೇರೆ. ಗೋಡೆಯ ಬುಡದಲ್ಲಿ ಆನೆ ಸಾಲು, ಕುದುರೆ ಸಾಲು, ಬಳ್ಳಿ ಸಾಲು ಇದೆ. ಅದರ ಮೇಲೆ ಕತೆ ಸಾಲು. ಪ್ರದಕ್ಷಿಣೆ ಹಾಕ್ತಾ ಹೋದ್ರೆ ದಕ್ಷಿಣಕ್ಕೆ ರಾಮಾಯಣ, ಹಿಂದುಗಡೆ ಭಾಗವತ, ಉತ್ತರಕ್ಕೆ ಮಹಾಭಾರತ. ನಾವು ಹೆಬ್ಬೆರಳಲ್ಲಿ ಸ್ಕ್ರೋಲ್ ಮಾಡಿದ ಹಾಗೆ ಅವರು ಕಾಲಲ್ಲಿ ಸ್ಕ್ರೋಲ್ ಮಾಡ್ತಿದ್ರು. ಹಾರೋ ಕೋತಿ, ಹತ್ತು ತಲೆ, ಬೆಟ್ಟ ಎತ್ತೋ ಹುಡುಗ. ಭಕ್ತಿ ಪಕ್ಕಕ್ಕಿಟ್ಟು ನೋಡಿದ್ರೂ ಇದಕ್ಕಿಂತ ದೊಡ್ಡ ಫ್ಯಾಂಟಸಿ ಲೋಕ ಬೇಕಾ?

ಕತೆ ಸಾಲಿನ ಮೇಲೆ ದೊಡ್ಡ ಮೂರ್ತಿಗಳು. ಅಲ್ಲಿ ಗೈಡ್ ಒಬ್ಬರು ಒಂದು ಮೂರ್ತಿಯ ಪೀಠದ ಹತ್ರ ಬೆರಳಿಟ್ಟು ತೋರಿಸಿದ್ರು. ಸಣ್ಣ ಅಕ್ಷರ. ಹಳೇ ಲಿಪಿ, ನನಗೆ ಓದೋಕೆ ಬರಲಿಲ್ಲ. ‘ಮಲ್ಲಿತಮ್ಮ’ ಅಂದ್ರು. ನಾನು ಹೆಂಗಸು ಅಂದ್ಕೊಂಡೆ. ಅಮ್ಮ ಅಲ್ಲ ಸ್ವಾಮಿ, ತಮ್ಮ. ಕೆತ್ತಿದವನ ಹೆಸರು.

1917ರಲ್ಲಿ ಆರ್. ನರಸಿಂಹಾಚಾರ್ ಈ ಗುಡಿಯ ಬಗ್ಗೆ ಒಂದು ಪುಸ್ತಕ ಬರೆದ್ರು. ಹಳೇ ಕವಿಗಳನ್ನೆಲ್ಲ ಹುಡುಕಿ ‘ಕರ್ನಾಟಕ ಕವಿಚರಿತೆ’ ಬರೆದವರು ಇವರೇ. ಕವಿಗಳನ್ನ ಪಟ್ಟಿ ಮಾಡಿದ ಹಾಗೇ ಇಲ್ಲಿ ಶಿಲ್ಪಿಗಳನ್ನೂ ಪಟ್ಟಿ ಮಾಡಿದ್ರು: ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ, ಬಾಲೆಯ, ಭರ್ಮಯ, ನಂಜಯ, ಇನ್ನೂ ಕೆಲವರು. ಮಲ್ಲಿತಮ್ಮ ಒಬ್ಬನದೇ 40 ಮೂರ್ತಿ. ಕೆಲವು ಕಡೆ ಪೂರ್ತಿ ಹೆಸರಿಲ್ಲ, ‘ಮಲ್ಲಿ’ ಅಂತಷ್ಟೇ. ಇನ್ನು ಕೆಲವು ಕಡೆ ಬರೀ ‘ಮ’. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಯೂಸರ್‌ನೇಮ್.

ಇಲ್ಲಿ ಸ್ವಲ್ಪ ನಿಂತು ನೋಡಿ. ದುಡ್ಡು ಹಾಕಿದವನು ಸೋಮನಾಥ, ಊರಿಗೇ ಅವನ ಹೆಸರು ಬಂತು. ಅದರಲ್ಲಿ ಆಶ್ಚರ್ಯ ಇಲ್ಲ, ದುಡ್ಡು ಹಾಕಿದವರ ಹೆಸರು ಇವತ್ತಿಗೂ ಟ್ಯೂಬ್‌ಲೈಟ್ ಮೇಲೂ ಇರುತ್ತೆ. ಕತೆ ವಾಲ್ಮೀಕಿದು, ವ್ಯಾಸನದು, ಎಲ್ಲರಿಗೂ ಗೊತ್ತಿರೋದು. ಹಾಗಿದ್ರೆ ‘ಮ’ ಮಾಡಿದ್ದೇನು? ಎಲ್ಲರಿಗೂ ಗೊತ್ತಿರೋ ದೇವರನ್ನ ತನ್ನ ಕೈಯಲ್ಲಿ ಹೇಗೆ ನಿಲ್ಲಿಸಿದ, ಬೆರಳು ಹೇಗೆ ಬಾಗಿಸಿದ, ಅದಕ್ಕೆ ಆ ಸಹಿ. ಗುಡಿ ಬಾಗಿಲಲ್ಲಿ ‘ಸಹಕರಿಸಿದ ಎಲ್ಲರಿಗೂ ಧನ್ಯವಾದಗಳು’ ಅಂತ ಒಂದು ಬೋರ್ಡಲ್ಲ. ಈ ಮೂರ್ತಿ ಇವನದು, ಪಕ್ಕದ್ದು ಅವನದು.

ಬೇಲೂರಿಗೆ ಹೋದ್ರೆ ಇದು ಇನ್ನೂ ಮಜಾ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರೆಲ್ಲ ಊರು, ಅಪ್ಪನ ಹೆಸರು ಸಮೇತ ಸಹಿ ಹಾಕಿದ್ದಾರೆ. ಜೊತೆಗೆ ಬಿರುದು. ಚಾವಣನ ಬಿರುದಿನ ಅರ್ಥ ಏನು ಗೊತ್ತಾ? ಬಿರುದು ಹೊತ್ತ ಉಳಿದ ಶಿಲ್ಪಿಗಳು ಮನ್ಮಥ ಆದ್ರೆ ಇವನು ಶಿವ, ಅಂದ್ರೆ ಕಣ್ಣು ಬಿಟ್ಟರೆ ಸುಟ್ಟು ಬೂದಿ. ರ‍್ಯಾಪ್ ಹುಡುಗರು ಒಬ್ಬರನ್ನೊಬ್ಬರು ಕಾಲೆಳೀತಾರಲ್ಲ, ಅದು ಕಲ್ಲಿನ ಮೇಲೆ. ಆ ಶಿಲ್ಪಿಗಳಿಗೆ ‘ರೂವಾರಿ’ ಅಂತಿದ್ರು, ರೂಪ ಕೊಡೋನು. ಈಗ ಪೇಪರ್‌ನಲ್ಲಿ ‘ಗೆಲುವಿನ ರೂವಾರಿ’ ಅಂತ ಓದ್ತೀರಲ್ಲ, ಅದೇ ಪದ.

ಕಲ್ಲೇ ಬೇಕು ಅಂತೇನಿಲ್ಲ. ಕರಾವಳಿ, ಕಾಸರಗೋಡು ಕಡೆ ತಾಳಮದ್ದಳೆ ಕೇಳಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡೋ ಪದ್ಯ ಮೊದಲೇ ಇರುತ್ತೆ, ಆದ್ರೆ ಎದುರುಬದುರು ಕೂತ ಅರ್ಥಧಾರಿಗಳು ಆಡೋ ಮಾತು ಆ ಕ್ಷಣದಲ್ಲಿ ಹುಟ್ಟಬೇಕು. ವಾಲಿ ಸಾಯ್ತಾನೆ, ಅದು ಎಲ್ಲರಿಗೂ ಗೊತ್ತು. ಸಾಯೋ ಮುಂಚೆ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನಿಗೆ ಏನೇನು ಪ್ರಶ್ನೆ ಕೇಳ್ತಾನೆ ಅನ್ನೋದಕ್ಕೆ ಜನ ರಾತ್ರಿಯೆಲ್ಲ ಕೂರ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು ತೀರಿಕೊಂಡಿದ್ದು 2006ರಲ್ಲಿ. ಅವರ ವಾಲಿ ಏನಂದ ಅಂತ ಹಳಬರು ಇವತ್ತಿಗೂ ‘ಶೇಣಿಯವರು ಹೇಳಿದ್ದು’ ಅಂತ ಶುರುಮಾಡೇ ಹೇಳ್ತಾರೆ. ಮಾತಿನ ಜೊತೆ ಹೆಸರೂ ನಡ್ಕೊಂಡು ಬರುತ್ತೆ. ಇದರಲ್ಲೂ ಒಂದು ತೊಂದರೆ ಇದೆ ಅನ್ನಿ. ಒಳ್ಳೆ ಮಾತು ಅನಾಥವಾದ್ರೆ ಅದು ದೊಡ್ಡವರ ಖಾತೆಗೇ ಜಮೆ ಆಗೋದು, ಬಸ್ಸಲ್ಲಿ ಕೂತ ಅಕ್ಕನ ಖಾತೆಗಲ್ಲ.

ಬಸ್ಸಲ್ಲಿ ಕೂತವರಿಗೆ ಖಾತೆ ತೆರೆದಿದ್ದು ಚಂದಮಾಮ. ನಗಬೇಡಿ. ಬಿ. ನಾಗಿರೆಡ್ಡಿ, ಚಕ್ರಪಾಣಿ ಶುರುಮಾಡಿದ ಪತ್ರಿಕೆ, 1947ರಲ್ಲಿ ತೆಲುಗು, ತಮಿಳು, 1949ರಲ್ಲಿ ಕನ್ನಡ. ನಮ್ಮ ಅಪ್ಪ ಅಮ್ಮಂದಿರ ಫ್ಯಾಂಟಸಿ ಲೋಕ ಅದೇ. ವಿಕ್ರಮ ಕತ್ತಿ ಹಿಡಿದು ಹೆಣ ಹೊತ್ತು ನಡೆಯೋ ಚಿತ್ರ ನಿಮ್ಮ ಕಣ್ಮುಂದೆ ಇದ್ರೆ, ಅದು ಕಲಾವಿದ ಶಂಕರ್ ಬರೆದಿದ್ದು.

ಅದರಲ್ಲಿ ಒಂದು ಸ್ಪರ್ಧೆ ಇತ್ತು. ಎರಡು ಫೋಟೋ ಹಾಕಿ, ಎರಡಕ್ಕೂ ಹೊಂದೋ ಹಾಗೆ ಪುಟ್ಟ ಶೀರ್ಷಿಕೆ ಬರೆದು ಕಾರ್ಡಲ್ಲಿ ಕಳಿಸಿ ಅಂತಿದ್ರು. ಷರತ್ತು ನೋಡಿ: ಎರಡು ಮಾತೂ ಚಿಕ್ಕದಿರಬೇಕು, ಒಂದಕ್ಕೊಂದು ಕೊಂಡಿ ಇರಬೇಕು. ಇವತ್ತು ಮೀಮ್ ಮಾಡೋರಿಗೂ ಸುಲಭ ಅಲ್ಲ. ಗೆದ್ದವರ ಶೀರ್ಷಿಕೆ, ಹೆಸರು, ಊರು ಅಚ್ಚಾಗ್ತಿತ್ತು, ಸಣ್ಣ ಬಹುಮಾನ ಬರ್ತಿತ್ತು. ಯಾವುದೋ ಹಳ್ಳಿಯ ಶಾಲೆ ಹುಡುಗಿಯ ನಾಲ್ಕು ಪದ ಅವಳ ಹೆಸರಿನ ಸಮೇತ ರಾಜ್ಯ ಸುತ್ತಿ ಬರ್ತಿತ್ತು.

ಒಂದು ವಿಚಿತ್ರ ಕೇಳಿ. ಓದುಗರ ಹೆಸರು ಹಾಕಿದ ಅದೇ ಚಂದಮಾಮದಲ್ಲಿ, ದೊಡ್ಡ ದೊಡ್ಡ ಫ್ಯಾಂಟಸಿ ಧಾರಾವಾಹಿಗಳನ್ನ ಬರೆದ ದಾಸರಿ ಸುಬ್ರಹ್ಮಣ್ಯಂ ಅವರ ಹೆಸರು ಆ ಕತೆಗಳ ಜೊತೆ ಅಚ್ಚಾಗ್ತಿರಲಿಲ್ಲ. ಎಷ್ಟೋ ಭಾಷೆಯ ಮಕ್ಕಳು ಓದಿ ಬೆಳೆದ್ರು, ಬರೆದೋರು ಯಾರು ಅಂತ ಗೊತ್ತಿರಲಿಲ್ಲ. ಪತ್ರಿಕೆಯ ಕತೆ, ಒಬ್ಬರದಲ್ಲ ಅನ್ನೋ ಲೆಕ್ಕ ಇರಬಹುದು. ನನಗೆ ಆ ಲೆಕ್ಕ ಒಪ್ಪಿಗೆ ಇಲ್ಲ. ಆದ್ರೆ ಹಾಗೆ ಹೇಳೋಕೆ ನನಗೆ ಯಾವ ಮುಖ ಇದೆ?

ಅದಕ್ಕೇ ಸೋಮನಾಥಪುರದಿಂದ ಬಂದ ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ತಪ್ಪಾಯ್ತು ಅಂದೆ. ‘ಅಯ್ಯೋ ಬಿಡಪ್ಪ, ಅದೇನ್ ದೊಡ್ಡ ವಿಷ್ಯ’ ಅಂದ್ರು. ಒಂದು ಕ್ಷಣ ಬಿಟ್ಟು, ‘ಆದ್ರೆ ನಮ್ ಹುಡ್ಗ ಆ ರೀಲ್ ತಂದು ತೋರಿಸ್ದಾಗ ಇದು ನಾನ್ ಹೇಳಿದ್ದು ಕಣೋ ಅಂದೆ. ಅವ್ನು ನಂಬ್ಲಿಲ್ಲ’ ಅಂದ್ರು.

ಆ ಎಪಿಸೋಡ್‌ನ ಕೊನೆ ಮತ್ತೆ ರೆಕಾರ್ಡ್ ಮಾಡಿ ಹಾಕಿದ್ದೀನಿ, ಈಗ ಅಲ್ಲಿ ಅವರದೇ ದನಿ ಇದೆ, ಬಸ್ಸಿನ ಹಾರ್ನ್ ಸಮೇತ. ರೀಲ್ ಮಾತ್ರ ನನ್ನ ಕೈಲಿಲ್ಲ, ಎಲ್ಲೆಲ್ಲಿ ಹೋಗಿದೆಯೋ. ಯಾವ ಹೆಸರು ಹಾಕ್ಲಿ ಅಂತ ಕೇಳ್ದೆ. ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಗೊತ್ತಾಗೋದು ಬೇಡ, ‘ಸು’ ಅಂತ ಹಾಕಿ ಸಾಕು ಅಂದ್ರು. ಅವರ ಮಗನಿಗೆ ಅಷ್ಟು ಸಾಕಂತೆ.

ಫೋನ್ ಇಡೋ ಮುಂಚೆ ಇನ್ನೊಂದು ಮಾತು ಹೇಳಿದ್ರು: ‘ನೀವು ನನ್ ಮಾತು ಅರ್ಧಕ್ಕೇ ಕಟ್ ಮಾಡಿದ್ರಿ. ಕೊನೇಲಿ ಬೇತಾಳ ಏನ್ ಹೇಳುತ್ತೆ? ನಿನ್ನನ್ನ ಹೆಣ ತರೋಕೆ ಕಳ್ಸಿದ್ನಲ್ಲ ಸನ್ಯಾಸಿ, ಅವ್ನು ನಿನ್ನನ್ನೇ ಬಲಿ ಕೊಡೋಕೆ ಕಾಯ್ತಿದಾನೆ ಅಂತ. ಅಲ್ಲಿಗೆ ದಾರಿ ಉದ್ದಕ್ಕೂ ಪ್ರಶ್ನೆ ಕೇಳಿ ಲೇಟ್ ಮಾಡಿಸ್ದೋನೇ ಅವ್ನ ಜೀವ ಉಳ್ಸಿದ್ದು.’

ಇದು ನಂಜನಗೂಡಿನ ‘ಸು’ ಹೇಳಿದ್ದು. ಮುಂದಿನ ವಾರದ ಎಪಿಸೋಡ್ ಇದರಿಂದಲೇ ಶುರು.